ಒಂದು ಕುಪ್ಪಸದ ಹೋಳಿಗೆ

2025ರ ಸೆಪ್ಟೆಂಬರ್ 8, ಸೋಮವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ರಾಣೇಬೆನ್ನೂರಿನ ಹಳೇಪೇಟೆ ಪೊಲೀಸ್ ಠಾಣೆಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಟ್ಟೆಯ ಚೀಲವನ್ನು ಎದೆಗವಚಿಕೊಂಡು ಬಂದಳು. ಸಬ್ ಇನ್‌ಸ್ಪೆಕ್ಟರ್ ವಿಜಯಮಹಾಂತೇಶ ಅದೇ ತಾನೆ ಎರಡು ಟ್ರ್ಯಾಕ್ಟರುಗಳ ಜಗಳ ಬಗೆಹರಿಸಿ ಚಹಾ ತರಿಸಿಕೊಂಡಿದ್ದ. ಹೆಂಗಸು ಚೀಲವನ್ನು ಮೇಜಿನ ಮೇಲೆ ಸುರುವಿದಳು. ಚೀಟಿಗಳು ಚಹಾದ ಲೋಟದವರೆಗೂ ಹರಡಿಕೊಂಡವು.

"ಹೆಸರು?"

"ಪುಷ್ಪಲತಾ ರಿ. ಬಸ್ ಸ್ಟ್ಯಾಂಡ್ ಹಿಂದ ಪುಷ್ಪಾ ಲೇಡೀಸ್ ಟೇಲರ್ಸ್ ಐತಲ್ರಿ, ಅದು ನಂದ."

"ಏನಾಗೈತಿ?"

"ನೂರು ಕೂಪನ್ ಮಾಡಿಸಿದ್ನಿರಿ. ನೂರಾ ಅರವತ್ಮೂರು ಬಂದಾವ."

ವಿಷಯ ಇಷ್ಟೇ. ಯುಗಾದಿಯ ಹೊತ್ತಿಗೆ ಅಂಗಡಿಯ ಪ್ರಚಾರಕ್ಕೆಂದು ಪುಷ್ಪಲತಾ ನೂರು ಉಡುಗೊರೆ ಕೂಪನ್ ಅಚ್ಚು ಹಾಕಿಸಿದ್ದಳು. ಒಂದಕ್ಕೆ ನಾಲ್ಕು ನೂರು ರೂಪಾಯಿ. ಕೊಂಡವರು ಬೇಕಾದವರಿಗೆ ಉಡುಗೊರೆ ಕೊಡಬಹುದು. ಪಡೆದವರು ಅಂಗಡಿಗೆ ತಂದರೆ ಒಂದು ಕುಪ್ಪಸ ಪುಕ್ಕಟೆ ಹೊಲಿದು ಕೊಡುತ್ತಾರೆ. ದೀಪಾವಳಿಯವರೆಗೆ ವಾಯಿದೆ. ಈಗ ನವರಾತ್ರಿಗೆ ಎರಡು ವಾರ ಇರುವಾಗ ಹೆಂಗಸರು ಕೂಪನ್ ಹಿಡಿದು ಸಾಲುಗಟ್ಟಿದ್ದರು. ಶನಿವಾರದ ಗದ್ದಲದಲ್ಲಿ ಅಂಗಡಿಯ ಗಾಜು ಒಡೆದಿತ್ತು.

"ಕೂಪನ್ನಿಗೆ ನಂಬರ್ ಹಾಕಿಲ್ಲೇನು?"

"ಇಲ್ರಿ. ನಂಬರಿಗೆ ಪ್ರೆಸ್‌ನವ್ರು ಬ್ಯಾರೆ ರೊಕ್ಕ ಕೇಳಿದ್ರು."

"ಯಾರಿಗೆ ಕೊಟ್ಟೀರಿ ಅಂತ ಬರ್ದಿಟ್ಟಿಲ್ಲೇನು?"

"ಇಲ್ರಿ."

"ಇದರಾಗ ಖರೇ ಯಾವುದು, ಸುಳ್ಳು ಯಾವುದು?"

"ಎಲ್ಲಾ ಒಂದ ಥರಾ ಅದಾವ್ರಿ."

ವಿಜಯಮಹಾಂತೇಶನಿಗೆ ಆಗಲೇ ತಲೆ ಬಿಸಿಯಾಗಿತ್ತು. "ಮತ್ತ ನಾವೇನು ಮಾಡೂಣು?"

ಪುಷ್ಪಲತಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊಲ್ಕೊಡಂಗಿಲ್ಲ ಅಂದ್ರ ಬಾಗಿಲಾಗ ಕುಂದರ್ತಾರ್ರಿ. ಕೊಡ್ತೇನಿ ಅಂದ್ರ ಹೊಲಿಯೋರು ಯಾರು? ಇಬ್ರು ಹುಡಿಗ್ಯಾರು ಅದಾರ, ಸೀರಿಗೆ ಫಾಲ್ ಹಚ್ಚಾಕಷ್ಟ ಬರ್ತೈತಿ. ಕುಬಸ ಹೊಲಿಯಾಕಿ ಜೂನ್‌ದಾಗ ಬಿಟ್ಲು, ಕಣ್ಣು ಕಾಣಂಗಿಲ್ಲ ಅಂತ. ಹಿಂಗಾದ್ರ ದೀಪಾವಳಿಗೆ ನನ್ನ ಅಂಗಡಿ ಇರಂಗಿಲ್ರಿ. ಎಂಟು ವರ್ಷದ ಅಂಗಡಿ."

ಹೊಲಿಯುವವಳು ಬಿಟ್ಟು ಹೋದ ಮಾತನ್ನು ವಿಜಯಮಹಾಂತೇಶ ಕೇಳಿದ, ಬರೆದುಕೊಳ್ಳಲಿಲ್ಲ. ಆಮೇಲೆ ಅದಕ್ಕೆ ತನ್ನನ್ನು ತಾನೇ ಬೈದುಕೊಂಡ.

ದೂರು ಬರೆದುಕೊಂಡವನು ಠಾಣೆಯ ರೈಟರ್, ಹೆಡ್ ಕಾನ್‌ಸ್ಟೇಬಲ್ ಸಿದ್ದಲಿಂಗಪ್ಪ. ಇಪ್ಪತ್ತೆಂಟು ವರ್ಷದ ಸರ್ವಿಸು. ಅಕ್ಷರ ದುಂಡಗೆ, ಕನ್ನಡ ಅಚ್ಚುಕಟ್ಟು. ಮೇಲಿನ ಕಚೇರಿಯಿಂದ ಬರುವ ಸುತ್ತೋಲೆಗಳಲ್ಲೂ ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಫೈಲಿಗೆ ಸೇರಿಸುವ ಚಟ ಅವನಿಗೆ. ಅಪರಾಧ ಸಂಖ್ಯೆ 147/2025, ಭಾರತೀಯ ನ್ಯಾಯ ಸಂಹಿತೆ ಕಲಂ 318(4) ಮತ್ತು 336(3), ಅಂದರೆ ವಂಚನೆ ಮತ್ತು ವಂಚನೆಗಾಗಿ ನಕಲಿ ದಾಖಲೆ. ಚೀಟಿಯ ಮೇಲಿದ್ದ ಮಾತನ್ನೂ ಅವನು ಎಫ್‌ಐಆರ್‌ನಲ್ಲಿ ಇಳಿಸಿದ: 'ಒಂದು ಕುಪ್ಪಸದ ಹೊಲಿಗೆ ಸಂಪೂರ್ಣ ಉಚಿತ.'

ಮಧ್ಯಾಹ್ನ 3.10ರಿಂದ 4 ಗಂಟೆಯವರೆಗೆ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಮಾದರಿಗೆಂದು ಒಂದು ಕೂಪನ್ ಹೊರಗಿಟ್ಟುಕೊಂಡು, ಉಳಿದವನ್ನು ಚೀಲಕ್ಕೆ ತುಂಬಿ ಅರಗಿನ ಮುದ್ರೆ ಹಾಕಿದರು. ಅಲ್ಲಿಂದ ಮುಂದೆ ಚೀಟಿಯ ಮಾತು ಬಂದಾಗಲೆಲ್ಲ ಎಲ್ಲರೂ ನೋಡಿದ್ದು ಸಿದ್ದಲಿಂಗಪ್ಪನ ಎಫ್‌ಐಆರ್ ಮತ್ತು ಆ ಒಂದು ಮಾದರಿಯನ್ನು ಮಾತ್ರ.

ಮರುದಿನ ರಾಣೇಬೆನ್ನೂರಿನಲ್ಲಿ ಮೂಲ ಕೂಪನ್ ಅಚ್ಚು ಹಾಕಿದ ಪ್ರೆಸ್ಸಿನ ಮಾಲೀಕನಿಗೆ ಮಾದರಿ ತೋರಿಸಿದರು. ಅವನು ಅದನ್ನು ಒಂದು ಗಳಿಗೆ ನೋಡಿ ತಿರುಗಿ ಕೊಟ್ಟ.

"ನಿಮ್ಮದ ಏನು?"

"ನಾವು ನೂರು ಹಾಕಿ ಕೊಟ್ಟೇವ್ರಿ. ಒಂದೂ ಹೆಚ್ಚಿಲ್ಲ."

"ಇದು ನಿಮ್ಮದ ಅಂತ ಕೇಳಿದ್ನಿ."

"ನೂರ ಹಾಕೇವ್ರಿ ಸಾಹೇಬ್ರ."

ಇಷ್ಟೇ. ಎರಡು ಸಲ ಕೇಳಿದರೂ ಇಷ್ಟೇ.

ವಿಜಯಮಹಾಂತೇಶನ ಲೆಕ್ಕಾಚಾರ ನೇರವಾಗಿತ್ತು. ಸುಳ್ಳು ಕೂಪನ್ ಮಾಡಿದವನು ಅದನ್ನು ಯಾರಿಗೋ ಮಾರಿರಬೇಕು; ಕೊಂಡವರನ್ನು ಕೇಳಿದರೆ ಮಾರಿದವನು ಸಿಗುತ್ತಾನೆ. ಮಹಿಳಾ ಕಾನ್‌ಸ್ಟೇಬಲ್ ಭುವನಾ ಕೂಪನ್ ತಂದಿದ್ದ ಗಿರಾಕಿಗಳ ಪಟ್ಟಿ ಮಾಡಿದಳು. ಹಾವೇರಿಯ ಬಳೆ ವ್ಯಾಪಾರಿ ಜೈತೂನಬಿಯಿಂದ ಶುರುವಾಯಿತು. ಸೆಪ್ಟೆಂಬರ್ 11, ಬೆಳಿಗ್ಗೆ 10.45.

"ಇದನ್ನ ಎಲ್ಲಿ ಕೊಂಡೀರಿ?"

"ಕೊಂಡಿಲ್ರಿ. ಮಗ್ಗಲ ಮನಿಯಾಕಿಗೆ ಬಳಿ ಇಡಸಾಕ ಹೋಗಿದ್ನಿ, ಕುಬಸದ ಖಣ ಕೊಟ್ಲು. ಅದರ ಮಡಿಕಿಯಾಗ ಇತ್ತು."

ಮಗ್ಗಲ ಮನೆಯವಳನ್ನು ಕೇಳಿದರೆ, ಖಣ ಬಂದದ್ದು ಕರ್ಜಗಿಯ ನಾದಿನಿ ಉಚ್ಚಂಗೆವ್ವನಿಂದ. ಕರ್ಜಗಿಗೆ ಹೋದರು. ಉಚ್ಚಂಗೆವ್ವ ಎಮ್ಮೆಗೆ ಮೇವು ಹಾಕುತ್ತಲೇ ಹೇಳಿದಳು: "ಉಡಿಯೊಳಗ ಬಂತ್ರಿ. ಐರಣಿಗೆ ಹೋಗಿದ್ನಿ, ಅಲ್ಲಿ ತುಂಬಿದ್ರು."

"ತಗದು ನೋಡಲಿಲ್ಲೇನು?"

"ಉಡಿ ಖಣ ಯಾರ ಬಿಚ್ಚಿ ನೋಡ್ತಾರ್ರಿ?"

ಜೀಪಿನಲ್ಲಿ ಭುವನಾ ವಿವರಿಸಬೇಕಾಯಿತು. ಮನೆಗೆ ಬಂದ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆಯ ಖಣ ಹಾಕಿ ಉಡಿ ತುಂಬುತ್ತಾರೆ. ಅಕ್ಕಿ ಅಡಿಗೆಗೆ ಹೋಗುತ್ತದೆ. ಖಣವನ್ನು ಮಾತ್ರ ಯಾರೂ ಹೊಲಿಸುವುದಿಲ್ಲ. ಮಡಚಿದ್ದು ಮಡಚಿದ ಹಾಗೇ ಕಪಾಟಿನಲ್ಲಿದ್ದು ಮುಂದಿನ ಮನೆಯ ಉಡಿಗೆ ಹೋಗುತ್ತದೆ. "ನಮ್ಮವ್ವ ಕೊಟ್ಟ ಖಣ ಎರಡು ವರ್ಷಕ್ಕ ತಿರಗಿ ನಮ್ಮವ್ವಗ ಬಂದಿತ್ರಿ ಸರ್," ಎಂದಳು ಭುವನಾ.

"ಮತ್ತ ಕೂಪನ್ನೂ ಹಂಗ ತಿರಗಾಕತ್ತಾವೇನು?"

"ಹೌದ್ರಿ ಸರ್."

ಐರಣಿಯವಳು ರಾಣೇಬೆನ್ನೂರಿನವಳ ಹೆಸರು ಹೇಳಿದಳು. ರಾಣೇಬೆನ್ನೂರಿನವಳು ಹಾವೇರಿಯವಳ ಹೆಸರು ಹೇಳಿದಳು. ಹಾವೇರಿಯವಳು ಜೈತೂನಬಿಯ ಮಗ್ಗಲ ಮನೆಯವಳೇ ಆಗಿದ್ದಳು. ಒಂಬತ್ತು ದಿನ ತಿರುಗಿ ಹೊರಟಲ್ಲಿಗೇ ಬಂದು ನಿಂತಾಗ ವಿಜಯಮಹಾಂತೇಶ ಜೀಪಿನ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದನೆಂದರೆ ಹಿಡಿಕೆ ಕೈಗೇ ಬಂತು. ಹಣ ಕೊಟ್ಟು ಕೊಂಡವರು ಒಬ್ಬರೂ ಇಲ್ಲ. ಲಾಭ ಮಾಡಿಕೊಂಡವರು ಯಾರೂ ಕಾಣುತ್ತಿಲ್ಲ. ಲಾಭವಿಲ್ಲದೆ ನಕಲಿ ಮಾಡುವ ಪುಣ್ಯಾತ್ಮ ಯಾರು? ಅಷ್ಟರಲ್ಲಿ ಡಿವೈಎಸ್‌ಪಿ ಸಾಹೇಬರ ಫೋನು: "ಕುಬಸದ ಕೇಸು ಎಲ್ಲಿಗೆ ಬಂತ್ರಿ?" ಹಿಂದೆ ಯಾರೋ ನಕ್ಕದ್ದೂ ಕೇಳಿಸಿತು.

ಇತ್ತ ಪುಷ್ಪಲತಾ ದಿನ ಬಿಟ್ಟು ದಿನ ಠಾಣೆಗೆ ಬರುತ್ತಿದ್ದಳು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂರುತ್ತಿದ್ದೇನೆ ಎಂದಳು. ಮೊದಲು ಗೋಗರೆಯುತ್ತಿದ್ದವಳು ಆಮೇಲೆ ಸುಮ್ಮನೆ ಬೆಂಚಿನ ಮೇಲೆ ಕುಳಿತು ಎದ್ದು ಹೋಗತೊಡಗಿದಳು. ಅದು ಇನ್ನೂ ಕಷ್ಟವಾಗಿತ್ತು.

ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ. ವಿಜಯಮಹಾಂತೇಶನ ಹೆಂಡತಿ ಶಿಲ್ಪಾ ಬೆಳಿಗ್ಗೆಯೇ ಕಪಾಟು ಸ್ವಚ್ಛ ಮಾಡಲು ಹಿಡಿದಿದ್ದಳು. ಖಣಗಳ ಗಂಟು ಕೊಡವಿದಾಗ ಒಂದು ಚೀಟಿ ಬಿತ್ತು. ಅವನು ಹಲ್ಲುಜ್ಜುವುದನ್ನು ಬಿಟ್ಟು ಬಂದ.

"ಇದು ಎಲ್ಲಿಂದ ಬಂತು?"

"ಉಡಿಯೊಳಗ ಬಂದೈತಿ. ಬ್ಯಾಸಗಿಯಾಗ, ನಮ್ಮ ಅಕ್ಕಾ ತುಂಬಿದ್ಲು."

"ನಾನು ಊರೂರು ತಿರಗಾಕತ್ತೇನಿ, ನಮ್ಮ ಮನ್ಯಾಗ ಐತಿ ಅಂತ ಹೇಳಾಕ ಬರಂಗಿಲ್ಲೇನು?"

"ನೀವು ಕೇಳಿದ್ರೇನು?" ಎಂದಳು ಶಿಲ್ಪಾ. ಆಮೇಲೆ ಚೀಟಿ ನೋಡಿ ನಕ್ಕಳು. "ಇದು ಹೋಳಿಗಿ ಕೂಪನ್. ಹೆಂಗಸ್ರೆಲ್ಲ ಬಿದ್ದು ಬಿದ್ದು ನಕ್ಕೇವಿ. ಓದ್ರಿ, ಒಂದು ಕುಪ್ಪಸದ ಹೋಳಿಗೆ ಸಂಪೂರ್ಣ ಉಚಿತ."

ವಿಜಯಮಹಾಂತೇಶ ಓದಿದ. ಮತ್ತೊಮ್ಮೆ ಓದಿದ. ಬಾಯಲ್ಲಿ ಪೇಸ್ಟ್ ಇದ್ದದ್ದು ಮರೆತು ನುಂಗಿದ.

10.30ಕ್ಕೆ ಪಂಚರನ್ನು ಕರೆಸಿ ಚೀಲದ ಮುದ್ರೆ ಒಡೆಸಿದ. ಮೇಲಿನ ಚೀಟಿಯನ್ನೇ ಎತ್ತಿ ಸಿದ್ದಲಿಂಗಪ್ಪನ ಮುಂದೆ ಹಿಡಿದ.

"ಓದು."

"ಕುಪ್ಪಸದ ಹೋಳಿಗೆ, ಸರ್."

"ಎಫ್‌ಐಆರ್‌ದಾಗ ಏನು ಬರ್ದೀದಿ?"

"ಹೊಲಿಗೆ, ಸರ್."

"ಯಾಕ?"

"ತಪ್ಪಿತ್ತಲ್ಲ ಸರ್. ತಿದ್ದಿದೆ."

ವಿಜಯಮಹಾಂತೇಶ ಕಿಟಕಿಯ ಕಡೆ ತಿರುಗಿ ನಿಂತ. ಹದಿಮೂರು ದಿನ. ನಾಲ್ಕು ಊರು. ಮುರಿದ ಜೀಪಿನ ಹಿಡಿಕೆ. "ಎಲ್ಲಾ ಬಿಚ್ಚಿ ಬ್ಯಾರೆ ಬ್ಯಾರೆ ಮಾಡು," ಎಂದಷ್ಟೇ ಹೇಳಿದ.

ಹೋಳಿಗೆಯವು ಐವತ್ತೆಂಟು. ಮಾದರಿಯೂ ಸೇರಿ ಹೊಲಿಗೆಯವು ನೂರಾ ಐದು. ಬಣ್ಣ ಒಂದೇ, ಹೂವಿನ ಚಿತ್ರ ಒಂದೇ, ಮುದ್ರೆ ಒಂದೇ. ಬೇರೆ ಇದ್ದದ್ದು ಎರಡಕ್ಷರ. ತಪ್ಪಿದ್ದವು ಖರೇ, ಸರಿಯಿದ್ದವು ಸುಳ್ಳು.

ಪುಷ್ಪಲತಾಳನ್ನು ಕರೆಸಿ ಕೇಳಿದರೆ ತಲೆ ತಗ್ಗಿಸಿದಳು. "ಪ್ರೆಸ್‌ನವ್ರು ಮಾಡಿದ ತಪ್ಪು ರಿ. ಮಂದಿ ಹೋಳಿಗಿ ಅಂಗಡಿ ಅಂತ ನಗತಿದ್ರು. ಆ ಅಕ್ಷರ ಕಂಡ್ರ ಹೊಟ್ಟಿ ಉರೀತೈತಿ, ನೋಡೋದ ಬಿಟ್ಟಿದ್ನಿ. ನಿಮ್ಮ ಮುಂದ ಹೇಳಾಕ ನಾಚಿಕಿ ಬಂತು." ಪ್ರೆಸ್ಸಿನವನು ಫೋನಿನಲ್ಲಿ ಇನ್ನೂ ಸರಾಗವಾಗಿ ಹೇಳಿದ: "ಹೊಲಿಗಿ ಅಂತ ಸರಿಯಾಗಿತ್ರಿ, ನಮ್ಮದಲ್ಲ ಅಂತ ಆವತ್ತ ಗೊತ್ತಾತು. ನಮ್ಮ ತಪ್ಪು ನಾವ ಯಾಕ ಎತ್ತಿ ಆಡ್ಬೇಕ್ರಿ?"

ಸುಳ್ಳು ಕೂಪನ್ನುಗಳನ್ನು ಮಾತ್ರ ಮುಂದಿಟ್ಟುಕೊಂಡು ಭುವನಾ ಒಂದೊಂದನ್ನೇ ತಿರುವಿ ನೋಡಿದಳು. ಅರ್ಧ ತಾಸಿನ ಮೇಲೆ ಒಂದನ್ನು ಎತ್ತಿ ಹಿಡಿದಳು. ವಾರೆಯಾಗಿ ಕತ್ತರಿಸಿದ ಮೂಲೆಯಲ್ಲಿ ಬೇರೆ ಯಾವುದೋ ಚಿತ್ರದ ತುದಿ ಉಳಿದುಕೊಂಡಿತ್ತು. ಹಸಿರು ತೊಟ್ಟು, ಅದರ ಕೆಳಗೆ ಸುಕ್ಕುಸುಕ್ಕಾದ ಕೆಂಪು.

"ಮೆಣಸಿನಕಾಯಿ ರಿ ಸರ್."

"ಬ್ಯಾಡಗಿ," ಎಂದ ವಿಜಯಮಹಾಂತೇಶ. ಹದಿಮೂರು ದಿನದಲ್ಲಿ ಮೊದಲ ಸಲ ಅವನ ದನಿಯಲ್ಲಿ ಜೀವವಿತ್ತು.

ಸೆಪ್ಟೆಂಬರ್ 23ರಂದು ಬ್ಯಾಡಗಿಯಲ್ಲಿ ಖಾರದಪುಡಿ ಪೊಟ್ಟಣಗಳ ಲೇಬಲ್ ಹಾಕುವ ಪ್ರೆಸ್ಸುಗಳನ್ನು ವಿಚಾರಿಸಿದರು. ಮೊದಲ ಎರಡರಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಸೀನು ಮಾತ್ರ. ಮೂರನೆಯದು ಮೈಲಾರೆಪ್ಪನದು. 12.15ಕ್ಕೆ ಅವನ ಮುಂದೆ ಕೂಪನ್ ಇಟ್ಟರು.

"ನಿಂದ ಏನು?"

"ನಂದ ರಿ. ಜುಲೈದಾಗ ಎರಡು ನೂರು ಹಾಕೇನಿ. ಉಳಿದಿದ್ದ ಲೇಬಲ್ ಹಾಳ್ಯಾಗ." ಮೈಲಾರೆಪ್ಪನಿಗೆ ಭಯವಾಗಲೀ ಅಳುಕಾಗಲೀ ಇರಲಿಲ್ಲ.

"ಯಾರು ಹಾಕಿಸಿದ್ರು?"

"ಒಬ್ಬಾಕಿ ಹೆಣಮಗಳು. ಟೇಲರ್ ಅಂಗಡಿಯಿಂದ ಬಂದೇನಿ ಅಂದ್ಲು. ಹಳೇ ಕೂಪನ್ ಒಂದು ತಂದಿದ್ಲು. 'ಅಕ್ಕಾ, ಹೋಳಿಗೆ ಅಂತ ಐತಲ್ಲ, ಹಂಗ ಇರ್ಲೇನು' ಅಂದ್ನಿ. ಸಿಟ್ಟಿಗೆದ್ಲು ನೋಡ್ರಿ. ಹೊಲಿಗೆ ಅಂತ ಮಾಡೂತನಕಾ ಎದ್ದು ಹೋಗಲಿಲ್ಲ."

"ಹೆಸರು? ಫೋನ್ ನಂಬರ್?"

"ಕೇಳಿಲ್ರಿ. ರೊಕ್ಕದ ಬದಲಿ ನಮ್ಮ ಮನಿಯಾಕಿಗೆ ಎರಡು ಕುಬಸ ಹೊಲದು ಕೊಟ್ಲು. ಏನ ಕೈ ಅಂತೀರಿ!"

ಅದರಲ್ಲೊಂದು ಕುಪ್ಪಸವನ್ನು ಪಂಚನಾಮೆ ಮಾಡಿ ಜಪ್ತಿ ಮಾಡುವಾಗ ಮೈಲಾರೆಪ್ಪನ ಹೆಂಡತಿ ಅಡ್ಡ ನಿಂತಳು. ಮಹಾನವಮಿಗೆ ತೊಡಬೇಕೆಂದು ಇಟ್ಟದ್ದಂತೆ. ಪೊಲೀಸರಿಗೆ ಕುಬಸ ಯಾಕೆ ಬೇಕೆಂದು ಓಣಿಗೆಲ್ಲ ಕೇಳುವಂತೆ ಕೇಳಿದಳು. ರಸೀದಿ ಬರೆದುಕೊಟ್ಟ ಮೇಲೆಯೇ ಬಿಟ್ಟಳು.

ಮರುದಿನ ಬೆಳಿಗ್ಗೆ ಅದನ್ನು ಪುಷ್ಪಲತಾಳ ಮುಂದಿಟ್ಟರು. ಆಕೆ ಕುಪ್ಪಸವನ್ನು ಒಳಮಗ್ಗುಲಾಗಿ ತಿರುವಿ, ಕೊರಳಪಟ್ಟಿಯ ಕೈಹೊಲಿಗೆಯ ಮೇಲೆ ಬೆರಳಾಡಿಸಿದಳು. ಹೊರಗಿನಿಂದ ದಾರವೇ ಕಾಣದಷ್ಟು ಸಣ್ಣ ಸಣ್ಣ ಹೊಲಿಗೆ.

"ಗದಿಗೆವ್ವನ ಕೈ ರಿ."

"ಯಾರು ಗದಿಗೆವ್ವ?"

"ನಮ್ಮ ಅಂಗಡ್ಯಾಗ ಹೊಲೀತಿದ್ಲಲ್ರಿ. ಕುಪ್ಪೇಲೂರಾಕಿ."

"ಕಣ್ಣು ಕಾಣಂಗಿಲ್ಲ ಅಂತ ಬಿಟ್ಟಾಕಿ?"

ಪುಷ್ಪಲತಾ ಕೈಯಲ್ಲಿದ್ದ ಕೊರಳಪಟ್ಟಿಯನ್ನೇ ನೋಡುತ್ತಿದ್ದಳು. "ಹೌದ್ರಿ."

"ನೀವು ಹೊಲಿಯಂಗಿಲ್ಲೇನು? ಬೋರ್ಡಿನ ಮ್ಯಾಲೆ ನಿಮ್ಮ ಹೆಸರೈತಿ."

"ನಾನು ಗಲ್ಲಾದ ಮ್ಯಾಲೆ ಕುಂದರ್ತೇನ್ರಿ," ಎಂದಳು ಮೆಲ್ಲಗೆ.

ಸೆಪ್ಟೆಂಬರ್ 25, ಗುರುವಾರ, ಮಧ್ಯಾಹ್ನ 2.40. ಕುಪ್ಪೇಲೂರಿನಲ್ಲಿ ಗದಿಗೆವ್ವ ಬಾಗಿಲ ಬೆಳಕಿಗೆ ಹಳೆಯ ಮಷೀನು ಎಳೆದುಕೊಂಡು ಹೊಲಿಯುತ್ತಿದ್ದಳು. ವಯಸ್ಸು ನಲವತ್ತಾರು. ಜೀಪು ನೋಡಿ ಏಳಲಿಲ್ಲ; ಸಾಲು ಮುಗಿಸಿ, ದಾರ ಹಲ್ಲಿನಿಂದ ಕಡಿದು, ಆಮೇಲೆ ಎದ್ದಳು.

"ಬರ್ರಿ, ಕುಂದ್ರಿ. ಬರ್ತೀರಿ ಅಂತ ಗೊತ್ತಿತ್ತು."

"ಕೂಪನ್ ಹಾಕಿಸಿದಾಕಿ ನೀನ ಏನು?"

"ನಾನ ರಿ."

ಪಂಚರ ಎದುರು ಶೋಧ ನಡೆಯಿತು. ಮಷೀನಿನ ಖಾನೆಯಲ್ಲಿ ಮೂವತ್ತೊಂದು ಸುಳ್ಳು ಕೂಪನ್ನು, ಅಂಗಡಿಯ ಹೆಸರಿನ ಒಂದು ರಬ್ಬರ್ ಮುದ್ರೆ ಸಿಕ್ಕವು. ಗೂಡಿನಲ್ಲಿ ದೇವರ ಪಟದ ಹಿಂದೆ ಬಣ್ಣದ ಲಕೋಟೆ. ಅದರೊಳಗೆ ಇನ್ನೂ ಹತ್ತು. ಭುವನಾ ಎಣಿಸಿ, ಓದಿ, ವಿಜಯಮಹಾಂತೇಶನ ಮುಖ ನೋಡಿದಳು. "ಸರ್, ಇವು ಹೋಳಿಗೆಯವು. ಖರೇ ಅದಾವು."

"ಇವು ನಿನ್ನ ಹತ್ರ ಹೆಂಗ ಬಂದ್ವು?"

"ಉಡುಗೊರಿ ಬಂದಾವ್ರಿ." ಗದಿಗೆವ್ವ ಮಷೀನಿನ ಮೇಲೆ ಕೈಯಿಟ್ಟಳು. "ಮೇ ತಿಂಗಳದಾಗ ನನ್ನ ಮಗಳು ಅಂಜಲಿ ಮದುವಿ ಆತು. ಬ್ಯಾಡಗಿಗೆ ಕೊಟ್ಟೇನಿ. ಆ ಅಂಗಡ್ಯಾಗ ಎಂಟು ವರ್ಷ ಹೊಲದೇನ್ರಿ. ಅಕ್ಕಾರು ಮದುವಿಗೆ ಬಂದ್ರು, ಲಕೋಟಿ ಕೊಟ್ರು. ಮಂದಿ ಮುಂದ ಬಿಚ್ಚಿದ್ನಿ. ಹತ್ತು ಕೂಪನ್. ಹತ್ತು ಕುಬಸದ ಹೊಲಿಗಿ ಪುಕ್ಕಟ. ಹೊಲಿಯಾಕಿ ಯಾರ್ರಿ ಸಾಹೇಬ್ರ? ನಾನ. ನನ್ನ ರಟ್ಟೀನ ನನಗ ಉಡುಗೊರಿ ಕೊಟ್ರು. ಎಲ್ಲಾರೂ ಚಪ್ಪಾಳಿ ತಟ್ಟಿದ್ರು."

ಪಂಚರಲ್ಲೊಬ್ಬ ಸುಮ್ಮನೆ ಕೆಮ್ಮಿದ.

"ಅವತ್ತ ಹೇಳಬೇಕಿತ್ತು ಅವ್ರಿಗೆ."

"ಏನಂತ ಹೇಳ್ಲಿ? ಉಡುಗೊರಿ ಕಡಿಮಿ ಆತು ಅಂತಲಾ? ಅದಕ್ಕ ಊರಾಗಿನ ಎಲ್ಲಾರಿಗೂ ಕೊಡೂಣು ಅಂದ್ನಿ. ಶ್ರಾವಣದಾಗ ಉಡಿ ತುಂಬೂ ಮನಿಗೆಲ್ಲಾ ಹೋದ್ನಿ, ಖಣದ ಮಡಿಕಿಯಾಗ ಒಂದೊಂದು ಇಟ್ನಿ. ಹೊಲೀಲಿ ಅಕ್ಕಾರು. ಒಂದಾದ್ರೂ ಹೊಲೀಲಿ."

"ಆ ಅಕ್ಷರ ಯಾಕ ತಿದ್ದಿಸಿದಿ? ಹಂಗ ಬಿಟ್ಟಿದ್ರ ನೀ ನಮಗ ಸಿಗತಿರಲಿಲ್ಲ."

"ಗೊತ್ತಿತ್ರಿ." ಗದಿಗೆವ್ವ ಮಷೀನಿನ ಮೇಲಿದ್ದ ದಾರದ ತುಣುಕು ಆರಿಸಿದಳು. "ಕಸುಬಿನ ಹೆಸರ ತಪ್ಪ ಹಾಕಸಾಕ ಮನಸ್ಸು ಬರಲಿಲ್ಲ."

ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣ. ನೋಟಿಸು ಕೊಟ್ಟು ಬಿಡಲು ಕಾನೂನಿನಲ್ಲಿ ಅವಕಾಶವಿತ್ತು. ವಿಜಯಮಹಾಂತೇಶ ಅದನ್ನೇ ಬಯಸಿದ್ದ. "ನೋಟಿಸ್ ಕೊಡ್ತೇನಿ. ಕರದಾಗ ಬರಬೇಕು. ಇನ್ನ ಮುಂದ ಇಂಥಾದ್ದು ಮಾಡಂಗಿಲ್ಲ ಅನ್ನು."

"ಮಾಡ್ತೇನ್ರಿ. ಬಿಟ್ರ ಮತ್ತ ಹಾಕಸ್ತೇನಿ."

"ವಿಚಾರ ಮಾಡಿ ಮಾತಾಡು."

"ಮಾಡೇ ಹೇಳೇನ್ರಿ."

ಇಬ್ಬರು ಪಂಚರ ಎದುರು ಆಡಿದ ಮಾತು. ಮತ್ತೆ ಅಪರಾಧ ಎಸಗುವ ಸಂಭವವಿದೆ ಎಂಬ ಕಾರಣ ದಾಖಲಿಸಿ 4.15ಕ್ಕೆ ಬಂಧಿಸಿದ. ಮಗಳಿಗೆ ಫೋನು ಹಚ್ಚಿ ಕೊಟ್ಟವಳು ಭುವನಾ. ಗದಿಗೆವ್ವ ಮಷೀನಿಗೆ ಬಟ್ಟೆ ಹೊದಿಸಿ ಜೀಪು ಹತ್ತಿದಳು.

ಠಾಣೆಯಲ್ಲಿ ಪುಷ್ಪಲತಾ ಕಾಯುತ್ತಿದ್ದಳು. ಗದಿಗೆವ್ವನನ್ನು ಕಂಡು ಎದ್ದು ನಿಂತಳು. ಆಮೇಲೆ ವಿಜಯಮಹಾಂತೇಶನ ಕೋಣೆಗೆ ಬಂದಳು.

"ಕೇಸ್ ವಾಪಸ್ ತಗೊತೇನ್ರಿ ಸರ್. ಈಕಿ ಬಂದು ಹೊಲದ್ರ ಅಂಗಡಿ ಉಳೀತೈತಿ."

"ಈಗ ನಿಮ್ಮ ಕೈಯಾಗಿಲ್ಲ, ನನ್ನ ಕೈಯಾಗೂ ಇಲ್ಲ. ಕೋರ್ಟಿನಾಗ ಹೇಳ್ರಿ."

"ಹತ್ತು ಕೊಟ್ಟಿದ್ನಲ್ರಿ ಸರ್! ಬ್ಯಾರೆಯೋರಿಗೆ ಒಂದೊಂದು, ಈಕಿಗೆ ಹತ್ತು. ನಾನೇನು ಕಡಿಮಿ ಮಾಡಿದ್ನಿ?"

ಅವಳು ನಾಟಕ ಮಾಡುತ್ತಿರಲಿಲ್ಲ. ನಿಜಕ್ಕೂ ಗೊತ್ತಾಗದೆ ಕೇಳುತ್ತಿದ್ದಳು. ವಿಜಯಮಹಾಂತೇಶನಿಗೆ ಮೇಜು ಗುದ್ದಬೇಕೆನ್ನುವಷ್ಟು ಸಿಟ್ಟು ಬಂತು. ಸುಳ್ಳು ಕೂಪನ್ನಿಗೆ ಎರಡು ಕಲಂ ಹಚ್ಚಿದ್ದ. ಆ ಹತ್ತು ಖರೇ ಕೂಪನ್ನುಗಳಿಗೆ ಹಚ್ಚಲು ಪುಸ್ತಕದಲ್ಲಿ ಯಾವ ಕಲಮೂ ಇರಲಿಲ್ಲ. "ಮನಿಗೆ ಹೋಗ್ರಿ," ಎಂದ.

ಹೊರಗೆ ಸಿದ್ದಲಿಂಗಪ್ಪ ಬಂಧನ ಪತ್ರ ತುಂಬುತ್ತಿದ್ದ. ಹೆಸರು, ವಯಸ್ಸು, ಊರು ಬರೆದ. ಉದ್ಯೋಗದ ಕಲಮಿನಲ್ಲಿ, ಹೆಂಗಸರಿಗೆ ಯಾವಾಗಲೂ ಬರೆಯುವಂತೆ 'ಮನೆಗೆಲಸ' ಎಂದು ಬರೆದು ಓದಿ ಹೇಳಿದ.

"ಮನಿಗೆಲಸ ಅಲ್ರಿ," ಎಂದಳು ಗದಿಗೆವ್ವ. "ಹೊಲಿಗಿ."

"ಕೆಲಸ ಬಿಟ್ಟೀದಿ ಅಲ್ಲೇನು?"

"ಅಂಗಡಿ ಬಿಟ್ಟೇನ್ರಿ. ಹೊಲಿಗಿ ಬಿಟ್ಟಿಲ್ಲ."

ಸಿದ್ದಲಿಂಗಪ್ಪ ಬಾಗಿಲಲ್ಲಿ ನಿಂತಿದ್ದ ವಿಜಯಮಹಾಂತೇಶನ ಕಡೆ ನೋಡಿದ. ವಿಜಯಮಹಾಂತೇಶ ತಲೆಯಾಡಿಸಿದ. ರೈಟರ್ ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಮೇಲೆ ದುಂಡಗೆ ಬರೆದ. ಸಹಿ ಮಾಡು ಎಂದು ಹಾಳೆ ತಿರುಗಿಸಿ ಮುಂದೆ ಸರಿಸಿದ.

ಗದಿಗೆವ್ವ ಪೆನ್ನು ಹಿಡಿಯಲಿಲ್ಲ. ಬಗ್ಗಿ, ಆ ಒಂದು ಶಬ್ದವನ್ನು ಅಕ್ಷರ ಅಕ್ಷರವಾಗಿ ಓದಿದಳು. ಹೊ. ಲಿ. ಗೆ. ಆಮೇಲೆ ಕೆಳಗೆ ಸಹಿ ಮಾಡಿದಳು.